ಬೈಸಿಕಲ್ಲನ್ನು ಮೂರುಗಾಲಿಯ ಬಂಡಿಯಾಗಿ ಮಾರ್ಪಡಿಸುವ ವಿಚಾರ

ಗ್ರಾಮಗಳಲ್ಲಿ ಬೈಸಿಕಲ್ಲು ಹೊಸ ವಸ್ತುವಲ್ಲ. ಆದರೆ ಮೋಟಾರು ಸೈಕಲ್ಲುಗಳ ಬಳಕೆ ಹೆಚ್ಚಿದ ಮೇಲೆ ಎಷ್ಟೋ ಮನೆಗಳಲ್ಲಿ ಅದು ಕೊಟ್ಟಿಗೆಯ ಗೋಡೆಗೆ ಒರಗಿ ತುಕ್ಕು ಹಿಡಿಯುತ್ತ ನಿಂತಿರುವುದು ಕಂಡುಬರುತ್ತದೆ. ಕರ್ನಾಟಕ ಸರ್ಕಾರವು 2006-07ನೆಯ ಸಾಲಿನಿಂದ ಮೊದಲುಗೊಂಡು ಎಂಟನೆಯ ತರಗತಿಯ ಮಕ್ಕಳಿಗೆ ಹಂಚಿದ ಬೈಸಿಕಲ್ಲುಗಳಲ್ಲಿಯೂ ಹಲವು, ಮಕ್ಕಳ ವ್ಯಾಸಂಗ ಮುಗಿದ ಬಳಿಕ, ಇದೇ ಸ್ಥಿತಿಗೆ ಬಂದಿವೆ. ಅದೇ ಮನೆಯವರು ಹಸುರು ಮೇವನ್ನೂ ಹಾಲಿನ ಕ್ಯಾನನ್ನೂ ಗೊಬ್ಬರದ ಚೀಲವನ್ನೂ ತಲೆಯ ಮೇಲೋ ಹೆಗಲ ಮೇಲೋ ಹೊತ್ತು ನಡೆಯುವುದೂ ಉಂಟು. ಬೈಸಿಕಲ್ಲಿನ ಹಿಂದಿನ ಚಕ್ರವನ್ನು ಕಳಚಿ, ಅದರ ಸ್ಥಳದಲ್ಲಿ ಎರಡು ಚಕ್ರಗಳುಳ್ಳ ಅಚ್ಚನ್ನು ಕೂಡಿಸಿ, ಅದನ್ನು ಮೂರುಗಾಲಿಯ ಬಂಡಿಯನ್ನಾಗಿ ಮಾಡುವ ಜೋಡಣೆಯ ಸೆಟ್ಟುಗಳು ಈಗ ಮಾರಾಟಕ್ಕೆ ದೊರೆಯುತ್ತಿರುವುದರಿಂದ, ಮೂಲೆಗೆ ಬಿದ್ದ ಬೈಸಿಕಲ್ಲಿನಿಂದ ತಲೆಹೊರೆಯನ್ನು ಇಳಿಸಬಹುದೇ ಎಂಬ ಪ್ರಶ್ನೆ ಸಹಜವಾಗಿಯೇ ಏಳುವುದು.

ಇಳಿಸಬಹುದು, ಆದರೆ ಬಂಡಿಯ ಸ್ವಭಾವವನ್ನು ತಿಳಿದ ಮೇಲೆ ಮಾತ್ರ. ಇಂಥ ಬಂಡಿಗೆ ಹಣ ಕೊಡುವವರು ಒಬ್ಬರು, ಅದನ್ನು ತುಳಿದು ನಡೆಸುವವರು ಬಹುಮಟ್ಟಿಗೆ ಮತ್ತೊಬ್ಬರು. ಹಾಲು ಹಾಕಲು ಹೋಗುವ ಆಳು, ತೋಟದಿಂದ ತರಕಾರಿ ತರುವ ಹುಡುಗ, ಮೇವಿಗೆ ಹೋಗುವ ಹೆಂಗಸು ಇವರ ಕೈಕಾಲುಗಳ ಹೊಣೆ ಬಂಡಿಯನ್ನು ಕೊಂಡ ಯಜಮಾನನದೇ ಆಗಿರುವುದು. ಆದಕಾರಣ ಸೆಟ್ಟಿನ ಬೆಲೆಯನ್ನು ವಿಚಾರಿಸುವುದಕ್ಕೆ ಮೊದಲು ವಿಚಾರಿಸತಕ್ಕ ಕೆಲವು ಸಂಗತಿಗಳು ಇಲ್ಲಿ ವಿವರಿಸಲ್ಪಟ್ಟಿವೆ.

ಸೆಟ್ಟಿನ ಸ್ವರೂಪ.— ಸಾಮಾನ್ಯ ಸೆಟ್ಟಿನಲ್ಲಿ ಒಂದು ಉಕ್ಕಿನ ಅಚ್ಚು, ಅದನ್ನು ಹಿಡಿಯುವ ಬೇರಿಂಗುಗಳು, ಎರಡು ಚಕ್ರಗಳು, ಸರಪಣಿಗೆ ಹಲ್ಲುಚಕ್ರ, ಮತ್ತು ಇವೆಲ್ಲವನ್ನೂ ಬೈಸಿಕಲ್ಲಿಗೆ ಬಿಗಿಯುವ ಒಂದು ಚಿಕ್ಕ ಚೌಕಟ್ಟು ಇರುತ್ತವೆ. ಹಿಂದಿನ ಚಕ್ರ ಕುಳಿತಿದ್ದ ಸೀಳುಗಳಿಗೇ ಈ ಚೌಕಟ್ಟನ್ನು ಬೋಲ್ಟಿನಿಂದ ಬಿಗಿದು, ಮೇಲಿನ ಅಥವಾ ಕೆಳಗಿನ ಕೊಳವೆಗಳಿಗೆ ಪಟ್ಟಿ ಹಾಕಿ ಮತ್ತೊಂದು ಹಿಡಿತವನ್ನು ಕೊಡಲಾಗುವುದು. ಈ ಎರಡನೆಯ ಹಿಡಿತವಿಲ್ಲದ ಸೆಟ್ಟನ್ನು ಕೊಳ್ಳಲೇಬಾರದು. ತುಳಿದಾಗಲೂ ಬ್ರೇಕು ಹಿಡಿದಾಗಲೂ ಚೌಕಟ್ಟು ಬೋಲ್ಟಿನ ಸುತ್ತ ತಿರುಚಿಕೊಳ್ಳಲು ಹವಣಿಸುವುದು.

ಮೂರುಗಾಲಿಯ ಸೆಟ್ಟು ಎಂಬ ಹೆಸರಿನಲ್ಲಿಯೇ ಮತ್ತೊಂದು ಅಗ್ಗದ ಸಾಮಾನು ಮಾರಲ್ಪಡುತ್ತದೆ. ಇದರಲ್ಲಿ ಹಿಂದಿನ ಚಕ್ರವನ್ನು ಕಳಚುವುದಿಲ್ಲ. ಚಿಕ್ಕ ಮಕ್ಕಳ ಸೈಕಲ್ಲಿಗೆ ಹಾಕುವಂತೆ ಎರಡು ಪಕ್ಕಗಳಲ್ಲಿಯೂ ಒಂದೊಂದು ಪುಟ್ಟ ಚಕ್ರವನ್ನು ಕೂಡಿಸುವರು. ಸಿಮೆಂಟಿನ ಅಂಗಳದಲ್ಲಿ ಇದು ನಡೆದೀತು. ಹಳ್ಳಿಯ ದಾರಿಯಲ್ಲಾದರೋ ಪಕ್ಕದ ಚಕ್ರಗಳೆರಡೂ ದಿಣ್ಣೆಯ ಮೇಲೆ ಕುಳಿತು, ತುಳಿಯುವ ನಡುಚಕ್ರ ತಗ್ಗಿನಲ್ಲಿ ನೆಲಕ್ಕೆ ತಾಕದೆ ಬರಿದೆ ಸುತ್ತುವುದು. ಇದರ ಮೇಲೆ ಹೊರೆ ಹಾಕುವ ಮಾತೇ ಇಲ್ಲ.

ಮೂರುಗಾಲಿಯು ಬೀಳದೆಂಬ ಭ್ರಮೆ.— ನಿಂತಲ್ಲಿ ಬೀಳದ್ದು ಓಡುವಾಗಲೂ ಬೀಳದೆಂದು ಜನರು ಎಣಿಸುವರು. ಇದು ಸರಿಯಲ್ಲ. ಎರಡುಗಾಲಿಯ ಬೈಸಿಕಲ್ಲು ತಿರುವಿನಲ್ಲಿ ಒಳಮಗ್ಗುಲಿಗೆ ವಾಲುವುದು. ಹೊರಕ್ಕೆ ಎಳೆಯುವ ಬಲವನ್ನು ಆ ವಾಲುವಿಕೆಯೇ ಸರಿದೂಗಿಸುವುದು. ಮೂರುಗಾಲಿಯು ವಾಲಲಾರದು. ಆದ್ದರಿಂದ ಆ ಬಲವೆಲ್ಲವೂ ಬಂಡಿಯನ್ನು ಹೊರಮಗ್ಗುಲಿಗೆ ಮಗುಚಲು ವಿನಿಯೋಗವಾಗುವುದು.

ಇದನ್ನು ಲೆಕ್ಕದಿಂದ ತೋರಿಸಬಹುದು. ಹಿಂದಿನ ಚಕ್ರಗಳ ನಡುವಣ ಅಂತರ 75 ಸೆಂಟಿಮೀಟರು ಇದೆಯೆಂದೂ, ಸವಾರನನ್ನು ಕೂಡಿಸಿಕೊಂಡು ಬಂಡಿಯ ಭಾರಕೇಂದ್ರವು ನೆಲದಿಂದ 90 ಸೆಂಟಿಮೀಟರು ಎತ್ತರದಲ್ಲಿದೆಯೆಂದೂ ಇಟ್ಟುಕೊಳ್ಳೋಣ. ಅಂತರದ ಅರ್ಧ ಮೂವತ್ತೇಳೂವರೆ ಸೆಂಟಿಮೀಟರಾದರೂ, ಮುಂದೆ ಇರುವುದು ಒಂದೇ ಚಕ್ರವಾದ ಕಾರಣ ಅದೆಲ್ಲವೂ ಆಸರೆಗೆ ದಕ್ಕುವುದಿಲ್ಲ. ಬಂಡಿ ಮಗುಚುವುದು ಮುಂದಿನ ಚಕ್ರದಿಂದ ಹೊರಗಿನ ಹಿಂಚಕ್ರಕ್ಕೆ ಎಳೆದ ಓರೆಗೆರೆಯ ಮೇಲೆ. ಸವಾರನು ಕುಳಿತ ಸ್ಥಳದಿಂದ ಆ ಗೆರೆಗೆ ಸುಮಾರು 25 ಸೆಂಟಿಮೀಟರು ಮಾತ್ರ ಉಳಿಯುವುದು. ಈ ಅಳತೆಗಳಿಂದ ಎಣಿಸಿದರೆ, 4 ಮೀಟರು ತ್ರಿಜ್ಯದ ತಿರುವಿನಲ್ಲಿ, ಎಂದರೆ ಹಳ್ಳಿಯ ಓಣಿಯ ಮೂಲೆಯಂಥ ತಿರುವಿನಲ್ಲಿ, ಗಂಟೆಗೆ ಸುಮಾರು 12 ಕಿಲೋಮೀಟರು ವೇಗಕ್ಕೆ ಒಳಗಿನ ಚಕ್ರ ನೆಲವನ್ನು ಬಿಡುವುದೆಂದು ತಿಳಿದುಬರುವುದು. ಸಾಧಾರಣ ಬೈಸಿಕಲ್ಲು ಸಮನೆಲದಲ್ಲಿ ಇದಕ್ಕಿಂತ ವೇಗವಾಗಿ ಹೋಗುವುದು ಎಲ್ಲರಿಗೂ ತಿಳಿದ ವಿಷಯ. ವೇಗವನ್ನು ಅರ್ಧಕ್ಕೆ ಇಳಿಸಿದರೆ ಮಗುಚುವ ಬಲ ಕಾಲುಭಾಗಕ್ಕೆ ಇಳಿಯುವುದರಿಂದ, ತಿರುವುಗಳಲ್ಲಿ ಆಳು ನಡೆಯುವ ವೇಗವನ್ನು ಮೀರದೆ ಹೋಗುವುದೇ ಕ್ರಮ. ಸವಾರನು ತನ್ನ ಮೈಯನ್ನು ಒಳಮಗ್ಗುಲಿಗೆ ಚೆನ್ನಾಗಿ ಬಾಗಿಸಿದರೆ ಸ್ವಲ್ಪ ಅನುಕೂಲವುಂಟು. ತಿರುವಿನ ನಡುವೆ ಬ್ರೇಕು ಹಿಡಿಯುವುದು ಅಪಾಯಕರ. ಭಾರವು ಮುಂದಿನ ಒಂಟಿ ಚಕ್ರದ ಕಡೆಗೆ ದೂಡಲ್ಪಟ್ಟು ಬಂಡಿ ಮತ್ತಷ್ಟು ಸುಲಭವಾಗಿ ಮಗುಚುವುದು. ಬ್ರೇಕನ್ನು ತಿರುವಿಗೆ ಮೊದಲೇ ಹಿಡಿಯತಕ್ಕದ್ದು.

ಬೈಸಿಕಲ್ಲನ್ನು ಚೆನ್ನಾಗಿ ಬಲ್ಲವನೇ ಮೊದಲ ದಿನ ಚರಂಡಿಗೆ ಇಳಿಯುವುದು ವಿಚಿತ್ರವಾದರೂ ನಿಜ. ಅವನ ಮೈ ತಿಳಿಯದಂತೆಯೇ ವಾಲಿ ತಿರುಗಲು ಪ್ರಯತ್ನಿಸುವುದು. ಬಂಡಿಯು ವಾಲದೆ ನೆಟ್ಟಗೆ ಹೋಗುವುದು. ಬೈಸಿಕಲ್ಲನ್ನೇ ಹತ್ತದವನು ಹ್ಯಾಂಡಲ್ಲನ್ನು ತಿರುಗಿಸಿದ ಕಡೆಗೆ ಬಂಡಿ ಹೋಗುವುದೆಂದು ಮಾತ್ರ ಬಲ್ಲವನಾದ್ದರಿಂದ ಬೇಗ ಕಲಿಯುವನು. ಯಾರೇ ಆಗಲಿ, ಹೊರೆಯಿಲ್ಲದೆ ಕಣದಲ್ಲಿ ಕೆಲವು ದಿನ ಅಭ್ಯಾಸ ಮಾಡಿದ ಮೇಲೆಯೇ ರಸ್ತೆಗೆ ಬರತಕ್ಕದ್ದು.

ದಾರಿಯ ಪರೀಕ್ಷೆ.— ಬೈಸಿಕಲ್ಲು ಒಂದೇ ಗೆರೆಯಲ್ಲಿ ಹೋಗುವುದು. ಮೂರುಗಾಲಿಯು ಮೂರು ಗೆರೆಗಳನ್ನು ಎಳೆಯುವುದು. ಮುಂದಿನ ಚಕ್ರ ತಪ್ಪಿಸಿಕೊಂಡ ಗುಂಡಿಯಲ್ಲಿ ಹಿಂದಿನ ಒಂದು ಚಕ್ರ ಬೀಳುವುದು ದಿನದ ಅನುಭವ. ಎತ್ತಿನ ಗಾಡಿಯ ಚಕ್ರಗಳ ನಡುವೆ ನಾಲ್ಕಡಿಗೂ ಹೆಚ್ಚು ಅಂತರವಿರುವುದರಿಂದ, ಅದರ ಎರಡು ಜಾಡುಗಳಲ್ಲಿ ಈ ಬಂಡಿಯ ಎರಡು ಚಕ್ರಗಳೂ ಇಳಿಯಲಾರವು. ಒಂದು ಜಾಡಿನಲ್ಲಿ, ಮತ್ತೊಂದು ಮೇಲೆ. ಮೇಲೆ ಹೇಳಿದ ಅಳತೆಯ ಬಂಡಿಯಲ್ಲಿ ಒಂದು ಚಕ್ರ ಇನ್ನೊಂದಕ್ಕಿಂತ ಸುಮಾರು 20 ಸೆಂಟಿಮೀಟರು ತಗ್ಗಿದರೆ ಅದು ನಿಂತಲ್ಲಿಯೇ ಮಗುಚುವುದು. ಜಾಡಿನ ಆಳ 15 ಸೆಂಟಿಮೀಟರಿದ್ದರೆ ಉಳಿದ ಆಸರೆ ಎಷ್ಟೆಂಬುದನ್ನು ಯಾರಾದರೂ ಎಣಿಸಬಹುದು. ಗದ್ದೆಯ ಬದುವಿನ ಮೇಲೆ ಇದನ್ನು ತರುವ ಯೋಚನೆಯನ್ನೇ ಬಿಡತಕ್ಕದ್ದು. ಮಳೆಗಾಲದ ಎರೆಭೂಮಿಯಲ್ಲಿ ಮೂರು ಚಕ್ರಗಳಿಗೂ ಮೆತ್ತಿಕೊಳ್ಳುವ ಮಣ್ಣು ಒಂದು ಚಕ್ರಕ್ಕೆ ಮೆತ್ತಿದ್ದರ ಮೂರು ಪಾಲು.

ಡಾಮರು ರಸ್ತೆಯೂ ದೋಷವಿಲ್ಲದ್ದಲ್ಲ. ನೀರು ಹರಿದುಹೋಗಲೆಂದು ರಸ್ತೆಯ ನಡುವನ್ನು ಎತ್ತರವಾಗಿಯೂ ಅಂಚನ್ನು ತಗ್ಗಾಗಿಯೂ ಮಾಡಿರುವರು. ಎಡಬದಿಯಲ್ಲಿ ಹೋಗುವ ಮೂರುಗಾಲಿಯು ಎಡಕ್ಕೆ ಓರೆಯಾಗಿಯೇ ನಡೆದು ಚರಂಡಿಯ ಕಡೆಗೆ ಜಗ್ಗುತ್ತಲೇ ಇರುವುದು. ಹೊಸಬನು ಇದನ್ನು ಬಂಡಿಯ ದೋಷವೆಂದು ಭಾವಿಸಿ ಬೋಲ್ಟುಗಳನ್ನು ಸಡಿಲಿಸಬಾರದು.

ಯಾವ ಚಕ್ರ ತಳ್ಳಬೇಕು?— ಎತ್ತಿನ ಗಾಡಿಯಲ್ಲಿ ಅಚ್ಚು ತಿರುಗುವುದಿಲ್ಲ. ಕಡಾಣಿಯ ಒಳಗೆ ಚಕ್ರಗಳು ಬೇರೆ ಬೇರೆಯಾಗಿ ತಿರುಗುವುವು. ತಿರುವಿನಲ್ಲಿ ಹೊರಚಕ್ರವು ಒಳಚಕ್ರಕ್ಕಿಂತ ಹೆಚ್ಚು ದೂರ ಓಡಬೇಕಾದ್ದರಿಂದ ಹೀಗಿರುವುದು ಅವಶ್ಯ. ಮೇಲೆ ಹೇಳಿದ 4 ಮೀಟರಿನ ತಿರುವಿನಲ್ಲಿ ಈ ವ್ಯತ್ಯಾಸ ಐದರಲ್ಲಿ ಒಂದು ಪಾಲಿನಷ್ಟಾಗುವುದು. ತುಳಿದು ನಡೆಸುವ ಬಂಡಿಯಲ್ಲಾದರೋ ಸರಪಣಿಯು ಅಚ್ಚನ್ನೇ ತಿರುಗಿಸುವುದು. ಎರಡು ಚಕ್ರಗಳನ್ನೂ ಅಚ್ಚಿಗೆ ಬಿಗಿದರೆ ತಿರುವಿನಲ್ಲಿ ಒಂದು ಚಕ್ರ ನೆಲವನ್ನು ಉಜ್ಜಲೇಬೇಕು. ಟೈರು ಸವೆಯುವುದು, ಬಂಡಿ ತಿರುಗಲು ಒಪ್ಪದು.

ಇಂಗ್ಲೆಂಡಿನ ಕಾವೆಂಟ್ರಿ ಪಟ್ಟಣದ ಜೇಮ್ಸ್ ಸ್ಟಾರ್ಲಿ ಎಂಬ ಯಂತ್ರಶಿಲ್ಪಿಯು ಈ ತೊಡಕಿಗೆ 1877ರಲ್ಲಿಯೇ ಪರಿಹಾರವನ್ನು ಕಂಡನು. ಅಕ್ಕಪಕ್ಕದಲ್ಲಿ ಕುಳಿತು ಇಬ್ಬರು ತುಳಿಯುವ ಬಂಡಿಯಲ್ಲಿ ಮಗನೊಡನೆ ಹೋಗುತ್ತಿದ್ದಾಗ, ಒಬ್ಬನ ಬಲ ಹೆಚ್ಚಾಗಿ ಬಂಡಿಯು ದಾರಿ ಬಿಟ್ಟು ಪಕ್ಕಕ್ಕೆ ಹೋಯಿತೆಂದೂ, ಅದರಿಂದಲೇ ಈ ಯೋಚನೆ ಹುಟ್ಟಿತೆಂದೂ ಒಂದು ಕಥೆಯುಂಟು. ಅವನು ಮೂರುಗಾಲಿಯ ಬಂಡಿಗೆ ಅಳವಡಿಸಿದ ಹಲ್ಲುಚಕ್ರಗಳ ಏರ್ಪಾಡು, ಎರಡು ಚಕ್ರಗಳಿಗೂ ಬಲವನ್ನು ಹಂಚಿ, ಅವು ಬೇರೆ ಬೇರೆ ವೇಗದಲ್ಲಿ ತಿರುಗಲು ಅವಕಾಶವನ್ನೂ ಕೊಟ್ಟಿತು. ಇಂದು ಲಾರಿ ಟ್ರ್ಯಾಕ್ಟರುಗಳ ಹಿಂದಿನ ಅಚ್ಚಿನಲ್ಲಿ ಡಿಫರೆನ್ಷಿಯಲ್ ಎಂದು ಕರೆಯಲ್ಪಡುವುದು ಇದೇ ತತ್ತ್ವದ ಯಂತ್ರಭಾಗ.

ಅಗ್ಗದ ಸೆಟ್ಟುಗಳಲ್ಲಿ ಡಿಫರೆನ್ಷಿಯಲ್ ಇರುವುದಿಲ್ಲ. ಒಂದು ಚಕ್ರವನ್ನು ಅಚ್ಚಿಗೆ ಬಿಗಿದು ಮತ್ತೊಂದನ್ನು ಸಡಿಲವಾಗಿ ಬಿಟ್ಟಿರುವರು. ಸಾಧಾರಣ ಕೆಲಸಕ್ಕೆ ಇದು ಸಾಕು. ಆದರೆ ಬಿಗಿದ ಚಕ್ರ ಎಡದ್ದೋ ಬಲದ್ದೋ ಎಂಬುದನ್ನು ನೋಡತಕ್ಕದ್ದು. ಎಡಚಕ್ರ ತಳ್ಳಿದರೆ ಬಂಡಿ ಸ್ವಲ್ಪ ಬಲಕ್ಕೆ ಹೊರಳಲೆಣಿಸುವುದು. ನಮ್ಮ ರಸ್ತೆಗಳು ಅದನ್ನು ಎಡಕ್ಕೆ ಜಗ್ಗುವುದರಿಂದ ಒಂದಕ್ಕೊಂದು ಸರಿಹೋಗುವುದು. ಬಲಚಕ್ರ ತಳ್ಳುವ ಬಂಡಿಯಲ್ಲಿ ಎರಡೂ ಕೂಡಿ ಚರಂಡಿಯ ಕಡೆಗೇ ಎಳೆಯುವುವು.

ಬ್ರೇಕಿನ ವಿಚಾರ.— ಈ ಮಾರ್ಪಾಟಿನಲ್ಲಿ ಅತ್ಯಂತ ಅಲಕ್ಷ್ಯಕ್ಕೆ ಗುರಿಯಾಗುವುದೂ ಅತ್ಯಂತ ಮುಖ್ಯವಾದುದೂ ಇದೇ. ಹಳೆಯ ಮಾದರಿಯ ಬೈಸಿಕಲ್ಲಿನಲ್ಲಿ ಹಿಂದಿನ ಬ್ರೇಕು ಸರಳುಗಳ ಮೂಲಕ ಹಿಂದಿನ ಚಕ್ರದ ರಿಮ್ಮನ್ನು ಹಿಡಿಯುವುದು. ಆ ಚಕ್ರವನ್ನೇ ಕಳಚಿದ ಮೇಲೆ ಬ್ರೇಕು ಹಿಡಿಯುವುದು ಯಾವುದನ್ನು? ಬಂಡಿಯ ತೂಕ ಹೆಚ್ಚುವುದು, ಹೊರೆ ಹೆಚ್ಚುವುದು, ಬ್ರೇಕು ಮಾತ್ರ ಅರ್ಧವಾಗುವುದು. ಮುಂದಿನ ಬ್ರೇಕೊಂದನ್ನೇ ನಂಬಿ ಹೊರೆಯೊಡನೆ ಇಳಿಜಾರಿಗೆ ಹೋಗುವವನಿಗೆ ದೇವರೇ ಗತಿ. ಅಚ್ಚಿಗೆ ಬ್ಯಾಂಡ್ ಬ್ರೇಕನ್ನಾಗಲಿ ಡ್ರಮ್ ಬ್ರೇಕನ್ನಾಗಲಿ ಅಳವಡಿಸಿದ, ಅದನ್ನು ಎಳೆಯುವ ತಂತಿಯೂ ಹಿಡಿಯೂ ಕೂಡಿರುವ ಸೆಟ್ಟನ್ನೇ ಆರಿಸತಕ್ಕದ್ದು. ಬ್ಯಾಂಡ್ ಬ್ರೇಕು ಮುಂದಕ್ಕೆ ಉರುಳುವ ಚಕ್ರವನ್ನು ಬಲವಾಗಿ ಹಿಡಿಯುವುದಾದರೂ ಹಿಂದಕ್ಕೆ ಉರುಳುವಾಗ ಅದರ ಹಿಡಿತ ಬಹಳ ಕಡಮೆ. ಆದುದರಿಂದ ಏರಿನಲ್ಲಿ ನಿಲ್ಲಿಸಬೇಕಾದಾಗ ಚಕ್ರದ ಹಿಂದೆ ಕಲ್ಲನ್ನೋ ಮರದ ತುಂಡನ್ನೋ ಇಡುವುದು ಗಾಡಿ ಹೊಡೆಯುವವರ ಹಳೆಯ ಪದ್ಧತಿಯಂತೆ ಇಲ್ಲಿಯೂ ಅಗತ್ಯ. ಬೈಸಿಕಲ್ಲನ್ನು ಬಿಟ್ಟರೆ ಬೀಳುವುದು. ಮೂರುಗಾಲಿಯನ್ನು ಬಿಟ್ಟರೆ ಅದು ಓಡುವುದು. ನಿಲ್ಲಿಸಿದಾಗ ಬ್ರೇಕು ಹಿಡಿದೇ ಇರುವಂತೆ ಹಿಡಿಗೆ ಒಂದು ಕೊಕ್ಕೆಯನ್ನು ಹಾಕಿಸುವುದು ಒಳ್ಳೆಯದು.

ಚಕ್ರಗಳು.— ಬೈಸಿಕಲ್ಲಿನ ಚಕ್ರಕ್ಕೆ ಮೇಲಿನಿಂದ ಕೆಳಕ್ಕೆ ಬರುವ ಭಾರವನ್ನು ತಡೆಯುವ ಶಕ್ತಿ ಹೆಚ್ಚು, ಪಕ್ಕದಿಂದ ಒತ್ತುವ ಬಲವನ್ನು ತಡೆಯುವ ಶಕ್ತಿ ಕಡಮೆ. ವಾಲುವ ಬೈಸಿಕಲ್ಲಿನಲ್ಲಿ ಪಕ್ಕದ ಬಲ ಬರುವುದೇ ಇಲ್ಲವೆಂದರೂ ಸಲ್ಲುವುದು. ಮೂರುಗಾಲಿಯ ಪ್ರತಿಯೊಂದು ತಿರುವಿನಲ್ಲಿಯೂ ಅದು ಬರುವುದು. ಹಳೆಯ ಹಿಂಚಕ್ರವನ್ನೇ ಉಳಿಸಿಕೊಂಡು, ಅದಕ್ಕೆ ಜೋಡಿಯಾಗಿ ಮತ್ತೊಂದು ಹಳೆಯದನ್ನು ತಂದು ಅಚ್ಚಿಗೆ ಹಾಕಿಸುವವರ ಚಕ್ರಗಳು ಎಂಟಿನಾಕಾರಕ್ಕೆ ಬಾಗುವುದೂ ಕಡ್ಡಿಗಳು ಮುರಿಯುವುದೂ ಇದರಿಂದಲೇ. ಸಾಮಾನು ಸಾಗಿಸುವ ಸೈಕಲ್ ರಿಕ್ಷಾಗಳಿಗೆಂದು ಮಾಡಿದ ದಪ್ಪ ಕಡ್ಡಿಯ ಚಕ್ರಗಳು ಮೇಲು. 28 ಅಂಗುಲದ ಚಕ್ರಕ್ಕಿಂತ 24 ಅಂಗುಲದ್ದು ಗಟ್ಟಿ. ಹೊರೆಯೂ ತಗ್ಗಿನಲ್ಲಿ ಕುಳಿತುಕೊಳ್ಳುವುದು. ಆದರೆ ಮುಂದೆ 28, ಹಿಂದೆ 24 ಆದರೆ ಬೈಸಿಕಲ್ಲಿನ ಹಿಂಭಾಗ ಎರಡು ಅಂಗುಲ ಕುಸಿದು, ಮುಂದಿನ ಫೋರ್ಕು ಹಿಂದಕ್ಕೆ ಮಲಗಿದಂತಾಗುವುದು. ಆ ಎರಡು ಅಂಗುಲವನ್ನು ಸೆಟ್ಟಿನ ಚೌಕಟ್ಟಿನಲ್ಲಿಯೇ ತುಂಬಿಕೊಟ್ಟಿದೆಯೇ ಎಂದು ನೋಡತಕ್ಕದ್ದು.

ಡನ್‌ಲಪ್ಪನ ಗಾಳಿ ತುಂಬಿದ ಟೈರು ಹುಟ್ಟಿದ್ದು ಮೂರುಗಾಲಿಯ ಬಂಡಿಗಾಗಿ ಎಂಬುದು ಅನೇಕರಿಗೆ ತಿಳಿಯದು. ಬೆಲ್‌ಫಾಸ್ಟ್ ಪಟ್ಟಣದಲ್ಲಿ ಪಶುವೈದ್ಯನಾಗಿದ್ದ ಜಾನ್ ಬಾಯ್ಡ್ ಡನ್‌ಲಪ್ ತನ್ನ ಚಿಕ್ಕ ಮಗನ ಮೂರುಗಾಲಿ ಸೈಕಲ್ಲು ಕಲ್ಲುಹಾಸಿನ ಮೇಲೆ ಕುಲುಕದಿರಲೆಂದು ಅದನ್ನು ರಚಿಸಿ 1888ರಲ್ಲಿ ಹಕ್ಕುಪತ್ರವನ್ನು ಪಡೆದನು.

ಕೂಡಿಸುವ ಕ್ರಮ.— ಸೆಟ್ಟನ್ನು ತರುವ ಮೊದಲು ಬೈಸಿಕಲ್ಲಿನ ಹಿಂದಿನ ಸೀಳುಗಳ ನಡುವಣ ಅಗಲವನ್ನು ಅಳೆದು ಅಂಗಡಿಗೆ ಒಯ್ಯತಕ್ಕದ್ದು. ಎಲ್ಲ ಬೈಸಿಕಲ್ಲುಗಳಲ್ಲಿಯೂ ಅದು ಒಂದೇ ಅಲ್ಲ. ಮೇಲಿನ ಅಡ್ಡಕೊಳವೆಯುಳ್ಳ ಹಳೆಯ ಗಂಡು ಸೈಕಲ್ಲು ಹೊರೆಗೆ ಯೋಗ್ಯವಾದುದು. ಅಡ್ಡಕೊಳವೆಯಿಲ್ಲದ ಸೈಕಲ್ಲು ವೃದ್ಧರಿಗೂ ಹೆಂಗಸರಿಗೂ ಹತ್ತಲು ಸುಲಭವಾದರೂ ಬೇಗ ತಿರುಚಿಕೊಳ್ಳುವುದರಿಂದ ಅದರ ಮೇಲೆ ಹಗುರವಾದ ಸಾಮಾನನ್ನೇ ಹೇರತಕ್ಕದ್ದು. ತುಕ್ಕು ತಿಂದ, ಒಮ್ಮೆ ಬೆಸುಗೆ ಕಂಡ ಚೌಕಟ್ಟು ಈ ಕೆಲಸಕ್ಕೆ ಬಾರದು.

ಕೂಡಿಸಿದ ಬಳಿಕ ಮೂರು ಪರೀಕ್ಷೆಗಳನ್ನು ದಾರದಿಂದಲೇ ಮಾಡಬಹುದು. ಮುಂದಿನ ದೊಡ್ಡ ಹಲ್ಲುಚಕ್ರದ ಮೈಗೆ ತಾಗಿಸಿ ದಾರವನ್ನು ಹಿಂದಕ್ಕೆ ಎಳೆದರೆ ಅಚ್ಚಿನ ಹಲ್ಲುಚಕ್ರಕ್ಕೂ ಅದು ಸರಿಯಾಗಿ ತಾಗಬೇಕು. ಇಲ್ಲದಿದ್ದರೆ ಸರಪಣಿ ಓರೆಯಾಗಿ ಓಡಿ ಕಳಚಿಕೊಳ್ಳುವುದು. ಹ್ಯಾಂಡಲ್ಲಿನ ಕೆಳಗಿನ ಕೊಳವೆಯ ನಡುವಿನಿಂದ ಹಿಂದಿನ ಎರಡು ಚಕ್ರಗಳ ಅಚ್ಚಿನ ತುದಿಗಳಿಗೂ ದಾರದ ಅಳತೆ ಒಂದೇ ಆಗಿರಬೇಕು. ಗಾಡಿ ಮಾಡುವ ಬಡಗಿಗಳು ಮೂಕಿಯ ತುದಿಯಿಂದ ಅಳೆಯುವುದೂ ಹೀಗೆಯೇ. ಕೊನೆಯದಾಗಿ, ಬಂಡಿಯನ್ನು ಸಮನೆಲದಲ್ಲಿ ನಿಲ್ಲಿಸಿ ಸೀಟಿನ ಹಿಂದೆ ತೂಗುಗುಂಡನ್ನು ಇಳಿಬಿಟ್ಟು ಚೌಕಟ್ಟು ನೆಟ್ಟಗಿದೆಯೇ ಎಂದು ನೋಡತಕ್ಕದ್ದು. ಎರಡುಗಾಲಿಯ ಬೈಸಿಕಲ್ಲನ್ನು ಸವಾರನೇ ನೆಟ್ಟಗೆ ಮಾಡಿಕೊಳ್ಳುವನು. ಮೂರುಗಾಲಿಯಲ್ಲಿ ಓರೆಯಾಗಿ ಬಿಗಿದದ್ದು ಓರೆಯಾಗಿಯೇ ಉಳಿದು ಸವಾರನ ಸೊಂಟಕ್ಕೆ ನೋವು ತರುವುದು.

ಹೊರೆ.— ನಲವತ್ತು ಲೀಟರಿನ ಒಂದು ತುಂಬಿದ ಹಾಲಿನ ಕ್ಯಾನು, ಕ್ಯಾನಿನ ತೂಕವೂ ಸೇರಿ, 50 ಕಿಲೋಗ್ರಾಮಿನ ಸುಮಾರಿಗೆ ಬರುವುದು. ಒಂದು ಮೂಟೆ ರಸಗೊಬ್ಬರವೂ ಹೆಚ್ಚು ಕಡಮೆ ಅಷ್ಟೇ. ಮಾರ್ಪಡಿಸಿದ ಬೈಸಿಕಲ್ಲಿಗೆ ಇದೇ ತಕ್ಕ ಹೊರೆಯೆಂದು ತಿಳಿಯತಕ್ಕದ್ದು. ಮಾರುವವರು ಇದರ ಎರಡರಷ್ಟು ಹೇಳಿದರೂ ಚೌಕಟ್ಟು ಬೈಸಿಕಲ್ಲಿನದೇ ಎಂಬುದನ್ನು ಮರೆಯಬಾರದು. ಹೊರೆಯ ನಡುವು ಅಚ್ಚಿಗಿಂತ ಸ್ವಲ್ಪ ಮುಂದೆ ಬರುವಂತೆ ಪೆಟ್ಟಿಗೆಯನ್ನು ಕೂಡಿಸಬೇಕು. ಅಚ್ಚಿನ ಹಿಂದಕ್ಕೆ ಹೊರೆ ಜೋತುಬಿದ್ದರೆ ಏರಿನಲ್ಲಿ ಮುಂದಿನ ಚಕ್ರ ನೆಲವನ್ನು ಬಿಟ್ಟು ಹ್ಯಾಂಡಲ್ಲು ಕೆಲಸಕ್ಕೆ ಬಾರದಂತಾಗುವುದು. ತಗ್ಗಿನಲ್ಲಿಟ್ಟ ಹೊರೆ ಬಂಡಿಯನ್ನು ನೆಲಕ್ಕೆ ಒತ್ತಿ ಹಿಡಿದು ಮಗುಚುವುದನ್ನು ತಡೆಯುವುದು. ಆಳೆತ್ತರಕ್ಕೆ ಒಟ್ಟಿದ ಮೇವಿನ ಹೊರೆ ಆ ಲಾಭವನ್ನೆಲ್ಲ ಕಳೆಯುವುದು.

ಏರಿನ ಲೆಕ್ಕವನ್ನೂ ಒಮ್ಮೆ ನೋಡಬಹುದು. ಸವಾರ, ಬಂಡಿ, ಹೊರೆ ಕೂಡಿ 150 ಕಿಲೋಗ್ರಾಮು ಆದರೆ, ಇಪ್ಪತ್ತಡಿಗೆ ಒಂದಡಿ ಏರುವ ದಾರಿಯಲ್ಲಿ, ಮುಂದೆ 44 ಹಲ್ಲು, ಹಿಂದೆ 18 ಹಲ್ಲು, 28 ಅಂಗುಲದ ಚಕ್ರ ಇರುವ ಬಂಡಿಯ ಪೆಡಲಿನ ಮೇಲೆ ಸರಾಸರಿ 39 ಕಿಲೋಗ್ರಾಮಿನ ಒತ್ತಡ ಎಡೆಬಿಡದೆ ಬೇಕು. ಇದು ಹೆಚ್ಚು ಹೊತ್ತು ಸಾಧ್ಯವಲ್ಲ. ಹಿಂದೆ 22 ಹಲ್ಲಿನದನ್ನು ಹಾಕಿಸಿದರೆ 32ಕ್ಕೆ ಇಳಿಯುವುದು; ಚಕ್ರವೂ 24 ಅಂಗುಲದ್ದಾದರೆ ಇನ್ನೂ ಇಳಿಯುವುದು. ಮಲೆನಾಡಿನ ದಿಬ್ಬಗಳಲ್ಲಿ ಇಳಿದು ತಳ್ಳುವುದೇ ಸರಿ. ತಳ್ಳುವಾಗಲೂ ತಲೆಹೊರೆಗಿಂತ ಇದು ಮೇಲು. ಈ ಶ್ರಮವನ್ನು ತಪ್ಪಿಸಲು ಬ್ಯಾಟರಿಯ ಮೋಟಾರನ್ನು ಕೂಡಿಸಿಕೊಳ್ಳುವವರು ಹೆಚ್ಚುತ್ತಿರುವರು. ಏರಿಗೆ ಅದು ಉಪಕಾರಿಯೇ. ಆದರೆ ತಿರುವಿನ 12 ಕಿಲೋಮೀಟರನ್ನು ಮೋಟಾರು ಅರಿಯದು.

ಯಾರಿಗೆ ಬೇಡ.— ಸಮತೋಲವನ್ನು ಬಲ್ಲ, ಬೈಸಿಕಲ್ಲನ್ನು ಹಗುರವಾಗಿ ಓಡಿಸುವ ಆಳಿಗೆ ಹೊರೆ ಸಾಗಿಸಬೇಕಾಗಿದ್ದರೆ, ಬೈಸಿಕಲ್ಲಿನ ಹಿಂದೆ ಕೊಂಡಿ ಹಾಕಿ ಎಳೆಯುವ ಎರಡು ಚಕ್ರದ ಚಿಕ್ಕ ಗಾಡಿಯು ಅನೇಕ ಸಂದರ್ಭಗಳಲ್ಲಿ ಇದಕ್ಕಿಂತ ಲೇಸು. ಬೈಸಿಕಲ್ಲು ವಾಲುವುದು, ಗಾಡಿ ವಾಲದು, ಬ್ರೇಕುಗಳು ಎರಡೂ ಉಳಿಯುವುವು, ಬೇಡವಾದಾಗ ಕೊಂಡಿ ಕಳಚಿದರಾಯಿತು. ಮೂರುಗಾಲಿಯ ಸೆಟ್ಟು ಸಾರ್ಥಕವಾಗುವುದು ಮುಖ್ಯವಾಗಿ ಸಮತೋಲ ಸಾಧಿಸಲಾರದವರಿಗೆ, ಪದೇ ಪದೇ ನಿಲ್ಲಿಸಿ ಮನೆಮನೆಗೆ ತರಕಾರಿ ಹಾಲು ಹಾಕುವವರಿಗೆ, ಮತ್ತು ದಾರಿ ಸಮವಾಗಿರುವ ಊರುಗಳಿಗೆ. ಕಾಲುಗಳ ಶಕ್ತಿಯನ್ನು ಕಳೆದುಕೊಂಡವರಿಗಾದರೋ ಕೈಯಿಂದ ತಿರುಗಿಸುವ ಬಂಡಿಗಳನ್ನು ಕಾನ್ಪುರದಲ್ಲಿ 1972ರಲ್ಲಿ ಸ್ಥಾಪಿತವಾದ ಕೇಂದ್ರ ಸರ್ಕಾರದ ಕೃತಕ ಅಂಗಗಳ ತಯಾರಿಕಾ ಸಂಸ್ಥೆಯು ಬೇರೆಯಾಗಿಯೇ ಮಾಡುವುದು. ಈ ಸೆಟ್ಟು ಅದಕ್ಕೆ ಬದಲಲ್ಲ.

ಆಳಿನ ಕೈಗೆ ಕೊಡುವ ಮೊದಲು ಯಜಮಾನನೇ ಬಂಡಿಯನ್ನು ಹತ್ತಿ, ಅದು ದಿನವೂ ಹೋಗಬೇಕಾದ ದಾರಿಯಲ್ಲಿಯೇ, ಅದೇ ಹೊರೆಯೊಡನೆ ಒಂದು ಸಲ ಹೋಗಿಬರುವುದು ಉಚಿತ. ಹೆಂಗಸರು ನಡೆಸುವುದಾದರೆ ಸೆರಗು ಸಿಕ್ಕದಂತೆ ಎರಡು ಹಿಂಚಕ್ರಗಳಿಗೂ ಸರಪಣಿಗೂ ಮರೆ ಹಾಕಿಸತಕ್ಕದ್ದು. ಬಂಡಿಯ ಅಗಲ ರಾತ್ರಿಯಲ್ಲಿ ಹಿಂದಿನಿಂದ ಬರುವವರಿಗೆ ತಿಳಿಯುವಂತೆ ಎರಡು ಕೊನೆಗಳಲ್ಲಿಯೂ ಕೆಂಪು ಹೊಳಪುಬಿಲ್ಲೆಗಳು ಇರಬೇಕು. ಮೊದಲ ವಾರದಲ್ಲಿ ದಿನಕ್ಕೊಮ್ಮೆ, ಆಮೇಲೆ ವಾರಕ್ಕೊಮ್ಮೆ ಎಲ್ಲ ಬೋಲ್ಟುಗಳನ್ನೂ ಬಿಗಿದು, ಚಕ್ರದ ಕಡ್ಡಿಗಳನ್ನು ಬೆರಳಿನಿಂದ ಮೀಟಿ ನೋಡಿ, ಸಡಿಲವಾಗಿ ಮಂದಸ್ವರ ಕೊಡುವ ಕಡ್ಡಿಯನ್ನು ಅಂದೇ ಬಿಗಿಸತಕ್ಕದ್ದು. ಮಳೆಗಾಲ ಕಳೆದ ಕೂಡಲೆ ಅಚ್ಚಿನ ಬೇರಿಂಗುಗಳನ್ನು ಸೀಮೆಎಣ್ಣೆಯಿಂದಲೋ ಡೀಸೆಲಿನಿಂದಲೋ ತೊಳೆದು ಹೊಸ ಗ್ರೀಸನ್ನು ತುಂಬಿಸಬೇಕು.